ಓದುಗರ ಪ್ರಶ್ನೆ: ಕೊಳ್ಳುವವರ ತಕ್ಕಡಿಗೂ ಮುದ್ರೆ ಬೇಕು

ಕಾಫಿ ಕುಯ್ಲು ಶುರುವಾಗಿ ಮೆಣಸಿನ ಕುಯ್ಲು ಮುಗಿಯುವ ತನಕ ಈ ಅಂಕಣಕ್ಕೆ ತೂಕದ ಬಗ್ಗೆಯೇ ಜಾಸ್ತಿ ಪತ್ರ ಬರುತ್ತವೆ. ಈ ಸಲ ಕೊಡಗಿನ ಪತ್ರಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉದ್ದ ಇದ್ದದ್ದನ್ನು ಸ್ವಲ್ಪ ಚಿಕ್ಕದು ಮಾಡಿದ್ದೇವೆ. ಕೇಳಿದವರ ಹೆಸರು, ಅವರು ಹೇಳಿದ ಅಂಗಡಿಗಳ ಹೆಸರು ಎರಡೂ ಹಾಕಿಲ್ಲ.

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮದು ಚಿಕ್ಕ ತೋಟ. ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು) ಕಣದಲ್ಲಿ ಒಣಗಿಸಿ, ಮನೆಯಲ್ಲೇ ತೂಗಿ, ಚೀಲ ಹೊಲಿದು ಇಟ್ಟಿದ್ದೆವು. ಗೋಣಿ ಸೇರಿ ಒಂದೊಂದೂ 51 ಕೆಜಿ ಇತ್ತು. ವ್ಯಾಪಾರಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಅದೇ ಚೀಲ 50 ಕಾಲು ತೋರಿಸಿತು. ಅದರ ಮೇಲೆ ಗೋಣಿಗೆ ಅಂತ ಒಂದು ಕೆಜಿ ಕಳೆದರು. ಕೇಳಿದರೆ ‘ಎಲ್ಲರಿಗೂ ಹಾಗೇ’ ಅಂದರು. ತಕ್ಕಡಿಯಲ್ಲಿ ಸೀಲು ಕಾಣಲಿಲ್ಲ. ಇಲ್ಲಿ ಮಾರುವವರು ನಾವು, ತೂಗುವವರು ಅವರು. ಗ್ರಾಹಕರಿಗೆ ಇರುವ ಕಾನೂನು ನಮಗೂ ಇದೆಯಾ?

ಉತ್ತರ: ಇದೆ. ಇದನ್ನು ಕೊಡಗಿನ ಪ್ರತಿ ಬೆಳೆಗಾರರೂ ತಿಳಿದಿರಬೇಕು. ತೂಕದ ಕಾನೂನು ಅಂದರೆ ಕಿರಾಣಿ ಅಂಗಡಿಗೆ ಹೋಗುವ ಗ್ರಾಹಕರಿಗೆ ಮಾತ್ರ ಅಂತ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 30ನೇ ಕಲಮು ಎರಡೂ ಕಡೆಯ ಮೋಸವನ್ನು ಹೆಸರಿಸಿ ಹೇಳುತ್ತದೆ. ಮಾರುವಾಗ ಕಡಿಮೆ ಕೊಡುವುದು ಅಪರಾಧ, ಕೊಳ್ಳುವಾಗ ದುಡ್ಡು ಕೊಟ್ಟದ್ದಕ್ಕಿಂತ ಜಾಸ್ತಿ ಮಾಲನ್ನು ಮೋಸದಿಂದ ತೆಗೆದುಕೊಳ್ಳುವುದೂ ಅಪರಾಧ. ನಿಮ್ಮ ವ್ಯಾಪಾರಿ ಎರಡನೆಯದರ ಅಡಿಯಲ್ಲಿ ಬರುತ್ತಾರೆ. ಅವರ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಲೇಬೇಕು. ಮುದ್ರೆ ಇಲ್ಲದ ತಕ್ಕಡಿಯಲ್ಲಿ ವ್ಯಾಪಾರ ಮಾಡಿದರೆ, ತೂಕ ಸರಿ ಇದ್ದರೂ ಅದು ತಪ್ಪೇ.

ಆದರೆ ದೂರು ಕೊಡುವ ಮೊದಲು ನಿಮ್ಮ ತೂಕ ಎಲ್ಲೆಲ್ಲಿ ಹೋಯಿತು ಅಂತ ಬಿಡಿಸಿ ನೋಡಬೇಕು. ಮೂರು ವಿಷಯ ಒಂದರೊಳಗೊಂದು ಸೇರಿಕೊಂಡಿವೆ, ವ್ಯಾಪಾರಿಗೂ ಅವು ಹಾಗೇ ಸೇರಿಕೊಂಡಿದ್ದರೆ ಅನುಕೂಲ.

ಮೊದಲನೆಯದು ತೇವ. ಚೆರಿಯಲ್ಲಿ 12 ಪರ್ಸೆಂಟ್ ತೇವ ಇದ್ದಾಗ ನೀವು 50 ಕೆಜಿ ತೂಗಿಟ್ಟಿರಿ ಅಂತ ಇಟ್ಟುಕೊಳ್ಳಿ. ಆಮೇಲೆ ಅದು 11ಕ್ಕೆ ಒಣಗಿದರೆ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿಯೇ ಕಡಿಮೆಯಾಗುತ್ತದೆ. ಅದು ಯಾರ ಮೋಸವೂ ಅಲ್ಲ. ಮೋಡ, ಮಂಜು ಇದ್ದಾಗ ಉಲ್ಟಾ ಆಗುತ್ತದೆ, ಚೀಲ ತೇವ ಎಳೆದುಕೊಂಡು ಭಾರ ಆಗುತ್ತದೆ. ಹಾಗಾಗಿ ಮನೆಯ ತೂಕ, ವ್ಯಾಪಾರಿಯ ತೂಕ ಎರಡೂ ಒಂದೇ ದಿನದ್ದಾಗಿರಲಿ. ತಿಂಗಳ ಹಿಂದೆ ತೂಗಿಟ್ಟ ಲೆಕ್ಕ ಹಿಡಿದು ಜಗಳಕ್ಕೆ ಹೋದರೆ ನಿಮ್ಮ ಮಾತು ನಿಲ್ಲುವುದಿಲ್ಲ.

ಎರಡನೆಯದು ಗೋಣಿ. ಖಾಲಿ ಗೋಣಿ ಎಷ್ಟು ಭಾರ ಅಂತ ಬಾಯಲ್ಲಿ ಮಾತಾಡುವುದು ಯಾಕೆ? ಅಲ್ಲೇ ಹತ್ತು ಖಾಲಿ ಚೀಲ ಒಟ್ಟಿಗೆ ತೂಗಿಸಿ, ಹತ್ತರಿಂದ ಭಾಗಿಸಿ. ಬಂದಷ್ಟೇ ಕಳೆಯಬೇಕು. ಎಷ್ಟೋ ಗೋಣಿ ಒಂದು ಕೆಜಿ ಇರುವುದೇ ಇಲ್ಲ. ಗೋಣಿಗೆ ಇಷ್ಟು, ಸ್ಯಾಂಪಲ್‌ಗೆ ಇಷ್ಟು ಅಂತ ಮೊದಲೇ ಹೇಳಿ, ನೀವು ಒಪ್ಪಿ, ಬಿಲ್ಲಿನಲ್ಲಿ ಬರೆದಿದ್ದರೆ ಅದು ವ್ಯಾಪಾರದ ಮಾತು. ಹೇಳದೆ ಕಳೆದರೆ ಬೇರೆ ಮಾತು. ಬಿಲ್ಲಿನಲ್ಲಿ ಒಟ್ಟು ತೂಕ, ಕಳೆದದ್ದು, ನಿವ್ವಳ ತೂಕ ಮೂರನ್ನೂ ಬೇರೆ ಬೇರೆ ಬರೆಯಿಸಿಕೊಳ್ಳಿ. ಔಟ್‌ಟರ್ನ್ ಲೆಕ್ಕದಲ್ಲಿ ಮಾರುವವರಿಗಂತೂ ಇದು ಇನ್ನೂ ಮುಖ್ಯ. ಅಲ್ಲಿ ದರ ನಿಲ್ಲುವುದು ಚೀಲಕ್ಕೆ ಎಷ್ಟು ಕೆಜಿ ಕಾಫಿ ಬೇಳೆ (ಸಿಪ್ಪೆ ತೆಗೆದ ಬೀಜ) ಬರುತ್ತದೆ ಅನ್ನುವುದರ ಮೇಲೆ. ಆ ಸ್ಯಾಂಪಲ್ ತೂಗುವ ಪುಟ್ಟ ತಕ್ಕಡಿಗೂ ಮುದ್ರೆ ಬೇಕು, ಅದನ್ನು ಯಾರೂ ತಿರುಗಿಸಿ ನೋಡುವುದೇ ಇಲ್ಲ.

ಇವೆರಡನ್ನೂ ತೆಗೆದ ಮೇಲೆ ಉಳಿಯುವುದು ತಕ್ಕಡಿ. ಅದರ ಮೇಲೆ ಒಂದು ಫಲಕ ಇರುತ್ತದೆ. ಗರಿಷ್ಠ ತೂಕ, ಕನಿಷ್ಠ ತೂಕ, ಆಮೇಲೆ ಇಂಗ್ಲಿಷಿನ ‘ಇ’ ಅಕ್ಷರದ ಮುಂದೆ ಒಂದು ಅಂಕಿ. ಆ ‘ಇ’ ಅಂದರೆ ತಕ್ಕಡಿಯನ್ನು ಪರೀಕ್ಷೆ ಮಾಡುವ ಅಳತೆಯ ಮೆಟ್ಟಿಲು. ‘ಇ’ 50 ಗ್ರಾಂ ಇರುವ ತಕ್ಕಡಿಯಲ್ಲಿ 50 ಕೆಜಿ ಇಟ್ಟರೆ, ಮುದ್ರೆ ಹಾಕುವ ದಿನ 50 ಗ್ರಾಂ ಆಚೆ ಈಚೆ ಆದರೆ ಒಪ್ಪುತ್ತಾರೆ. ಬಳಕೆಯಲ್ಲಿರುವಾಗ ಇನ್ಸ್‌ಪೆಕ್ಟರ್ ಬಂದು ನೋಡಿದರೆ ಅದರ ಎರಡರಷ್ಟು, ಅಂದರೆ 100 ಗ್ರಾಂ ತನಕ. ಮುಕ್ಕಾಲು ಕೆಜಿ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ನಿಮ್ಮ ಮನೆಯ ತಕ್ಕಡಿ ಸರಿ ಇದ್ದು, ಎರಡೂ ತೂಕ ಒಂದೇ ದಿನದ್ದಾಗಿದ್ದು, ಇಷ್ಟು ವ್ಯತ್ಯಾಸ ಬಂದರೆ ದೂರು ಕೊಡಿ. ಹಿಂಜರಿಯಬೇಡಿ. ಇಪ್ಪತ್ತು ಚೀಲಕ್ಕೆ 15 ಕೆಜಿ ಆಯಿತು, ಅದು ನಿಮ್ಮ ವರ್ಷದ ದುಡಿಮೆ.

ಮುದ್ರೆ ಹೇಗಿರುತ್ತದೆ ಅಂತಲೂ ಹೇಳಿಬಿಡುತ್ತೇವೆ. ಎಲೆಕ್ಟ್ರಾನಿಕ್ ತಕ್ಕಡಿಯನ್ನು ಬಿಚ್ಚಲು ಆಗದ ಹಾಗೆ ತಂತಿ ಸುತ್ತಿ ಸೀಸದ ಸೀಲು ಒತ್ತಿರುತ್ತಾರೆ. ಅದರಲ್ಲಿ ಇನ್ಸ್‌ಪೆಕ್ಟರ್ ಗುರುತಿನ ಸಂಖ್ಯೆ, ವರ್ಷದ ಕೊನೆಯ ಎರಡು ಅಂಕಿ, ಎ, ಬಿ, ಸಿ, ಡಿಯಲ್ಲಿ ಒಂದು ಅಕ್ಷರ ಇರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಮೂರು ಮೂರು ತಿಂಗಳು. ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳಿಗೊಮ್ಮೆ ಮುದ್ರೆ. ಕೈತಕ್ಕಡಿ, ಕೌಂಟರ್ ತಕ್ಕಡಿ, ತೂಕದ ಕಲ್ಲುಗಳಿಗೆ 24 ತಿಂಗಳಿಗೊಮ್ಮೆ. ಮುದ್ರೆ ಹಾಕಿದ್ದಕ್ಕೆ ಕೊಟ್ಟ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ತೂಗುಹಾಕಿರಬೇಕು. ಸೀಲು ಹುಡುಕಲು ಸಂಕೋಚ ಆದರೆ ಗೋಡೆ ನೋಡಿ, ಸಾಕು.

ಇನ್ನೊಂದು ಮಾತು. ನಾಲ್ಕೈದು ಚೀಲ ಮೆಣಸನ್ನು ಪಿಕಪ್‌ನಲ್ಲಿ ಹಾಕಿ ವೇಬ್ರಿಡ್ಜ್‌ನಲ್ಲಿ ತೂಗಿಸುವವರಿದ್ದಾರೆ. ದಯವಿಟ್ಟು ಬೇಡ. ವೇಬ್ರಿಡ್ಜ್ ಮೆಟ್ಟಿಲು 5 ಅಥವಾ 10 ಕೆಜಿಯದು. ಲೋಡು ಸಮೇತ ಒಂದು ಸಲ, ಖಾಲಿ ಗಾಡಿ ಒಂದು ಸಲ ತೂಗುವುದರಿಂದ ಎರಡು ಸಲದ ವ್ಯತ್ಯಾಸವೂ ಕೂಡಿಕೊಳ್ಳಬಹುದು. ಕೆಜಿಗೆ ನೂರಾರು ರೂಪಾಯಿಯ ಮಾಲನ್ನು ಅಲ್ಲಿ ತೂಗಬಾರದು, ಅದು ಲಾರಿ ಲೋಡಿಗೆ ಇರುವುದು.

ಪ್ರಶ್ನೆ: ನಾನು ಸಿದ್ದಾಪುರದ ಕಡೆ ತೋಟದಲ್ಲಿ ಕಾಫಿ ಹಣ್ಣು ಕುಯ್ಯುವವಳು. ಕೆಜಿ ಲೆಕ್ಕದಲ್ಲಿ ಕೂಲಿ. ಸಂಜೆ ನೇತುಹಾಕಿದ ಸ್ಪ್ರಿಂಗ್ ತಕ್ಕಡಿಯಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ತೂಗುತ್ತಾರೆ. ಮುಳ್ಳು 47ರ ಹತ್ತಿರ ಇದ್ದರೆ 45 ಅಂತ ಬರೆಯುತ್ತಾರೆ. ಇದು ಅಂಗಡಿ ವ್ಯಾಪಾರ ಅಲ್ಲ, ತೋಟದೊಳಗಿನ ವಿಷಯ, ಯಾರನ್ನೂ ಕೇಳುವ ಹಾಗಿಲ್ಲ ಅಂತ ಮೇಸ್ತ್ರಿ ಹೇಳುತ್ತಾರೆ. ಪತ್ರವನ್ನು ಮಗಳ ಕೈಲಿ ಬರೆಸಿದ್ದೇನೆ. ನನ್ನ ಹೆಸರು ಹಾಕಬೇಡಿ.

ಉತ್ತರ: ಅಮ್ಮ, ಮೇಸ್ತ್ರಿ ಹೇಳಿದ್ದು ತಪ್ಪು. ನಿಮ್ಮ ಪತ್ರವನ್ನು ನಾವು ಮತ್ತೆ ಮತ್ತೆ ಓದಿದೆವು. ಈ ಕಾನೂನಿನಲ್ಲಿ ವ್ಯವಹಾರ ಅಂದರೆ ಬರೀ ಕೊಡುವುದು ಕೊಳ್ಳುವುದಲ್ಲ. ಮಾಡಿದ ಕೆಲಸವನ್ನು ಅಳೆಯುವುದು, ಕೊಡಬೇಕಾದ ಕೂಲಿಯನ್ನು ಲೆಕ್ಕ ಹಾಕುವುದು ಕೂಡ ವ್ಯವಹಾರವೇ ಅಂತ ಅದರಲ್ಲೇ ಬರೆದಿದೆ. ಹಾಗಾಗಿ ನಿಮ್ಮ ಕೂಲಿಯನ್ನು ತೀರ್ಮಾನ ಮಾಡುವ ಆ ತಕ್ಕಡಿ ತೋಟದ ಗೇಟಿನ ಒಳಗಿದ್ದರೂ ಇಲಾಖೆಯ ಮುದ್ರೆ ಇರಲೇಬೇಕು, ಕಾಲಕಾಲಕ್ಕೆ ತಪಾಸಣೆ ಆಗಲೇಬೇಕು. ತೋಟದ ಮಾಲೀಕರಲ್ಲೂ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಇದನ್ನು ಓದುತ್ತಿರುವ ಮಾಲೀಕರು ನಾಳೆಯೇ ತಮ್ಮ ಕಣದ ತಕ್ಕಡಿ ನೋಡಲಿ.

ಸ್ಪ್ರಿಂಗ್ ತಕ್ಕಡಿಯ ಬಗ್ಗೆ ಎರಡು ವಿಷಯ ತಿಳಿದುಕೊಳ್ಳಿ. ಏನೂ ನೇತುಹಾಕದೆ ಇರುವಾಗ ಮುಳ್ಳು ಸರಿಯಾಗಿ ಸೊನ್ನೆಯ ಮೇಲೆ ನಿಲ್ಲಬೇಕು. ಸೊನ್ನೆಗಿಂತ ಹಿಂದೆ ಇದ್ದರೆ ಪ್ರತಿ ಚೀಲದಲ್ಲೂ ಅಷ್ಟು ಹೋಯಿತು ಅಂತಲೇ ಅರ್ಥ. ಮತ್ತೆ, ಮುಳ್ಳು ಓದುವವರ ಕಣ್ಣು ಅದರ ನೇರಕ್ಕೆ ಇರಬೇಕು. ಓರೆಯಾಗಿ ನಿಂತು ನೋಡಿದರೆ ಗೆರೆ ಬದಲಾಗುತ್ತದೆ. ಚೀಲದ ತೂಕ ಕಳೆಯುವುದು ಸರಿ. ಮಳೆಗೆ ಹಣ್ಣು ಒದ್ದೆಯಾಗಿದ್ದರೆ ಅದಕ್ಕೆ ಸ್ವಲ್ಪ ಕಳೆಯುವುದನ್ನು ಎಲ್ಲರ ಎದುರು ಹೇಳಿ ಮಾಡಿದರೆ ಅದೂ ಮಾತಾಡುವ ವಿಷಯ. 47 ಇದ್ದದ್ದನ್ನು 45 ಅಂತ ಬರೆಯುವುದು ತಕ್ಕಡಿಯ ದೋಷವೂ ಅಲ್ಲ, ಕಳೆಯುವ ಲೆಕ್ಕವೂ ಅಲ್ಲ. ಎರಡು ಕೆಜಿ ಕೂಲಿಯನ್ನು ಕೊಡದೆ ಉಳಿಸಿಕೊಳ್ಳುವುದು, ಅಷ್ಟೇ. ಅದಕ್ಕೆ ಕಾರ್ಮಿಕ ಇಲಾಖೆಗೂ ಹೋಗಬಹುದು.

ಕೆಲಸ ಹೋಗುತ್ತದೆ ಅನ್ನುವ ಭಯ ನಿಮಗಿದೆ. ಆ ಭಯ ಸುಳ್ಳು ಅಂತ ನಾವು ಹೇಳುವುದಿಲ್ಲ. ಆದರೆ ಇಷ್ಟು ತಿಳಿದಿರಲಿ: ಅಧಿಕಾರಿ ತಪಾಸಣೆಗೆ ಬರಲು ಕೂಲಿಯವರೇ ದೂರು ಕೊಡಬೇಕು ಅಂತ ಇಲ್ಲ. ಯಾರು ಮಾಹಿತಿ ಕೊಟ್ಟರೂ, ಅಥವಾ ತನಗೇ ಅನುಮಾನ ಬಂದರೂ ಹೋಗಿ ನೋಡುವ ಅಧಿಕಾರ 15ನೇ ಕಲಮಿನಲ್ಲಿದೆ. ನಿಮ್ಮ ಪರವಾಗಿ ಕಾರ್ಮಿಕ ಸಂಘದವರು, ಪಂಚಾಯಿತಿ ಸದಸ್ಯರು, ಮಗಳ ಶಾಲೆಯ ಮೇಷ್ಟ್ರು, ಯಾರು ಬೇಕಾದರೂ ತಿಳಿಸಬಹುದು. ಅಲ್ಲಿಯ ತನಕ ಲೈನ್ ಮನೆಯವರೆಲ್ಲ ಒಂದು ಪುಸ್ತಕ ಇಟ್ಟುಕೊಳ್ಳಿ. ದಿನಾ ಮುಳ್ಳು ತೋರಿಸಿದ್ದು ಎಷ್ಟು, ಬರೆದದ್ದು ಎಷ್ಟು ಅಂತ ತಾರೀಖು ಹಾಕಿ ಮಗಳ ಕೈಲೇ ಬರೆಸಿ.

ಪ್ರಶ್ನೆ: ಕುಶಾಲನಗರದಲ್ಲಿ ನನ್ನದು ಕಿರಾಣಿ ಅಂಗಡಿ. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದೆ. ಹೊಸದು, ತೂಕವೂ ಸರಿ ಬರುತ್ತದೆ. ಮುದ್ರೆ ಹಾಕಿಸಲು ಹೋದರೆ ಆಗುವುದಿಲ್ಲ ಅಂದರು. ಮೋಸ ಮಾಡುವವರನ್ನು ಬಿಟ್ಟು ನಮ್ಮಂಥವರಿಗೆ ಯಾಕೆ ತೊಂದರೆ?

ಉತ್ತರ: ನಿಮ್ಮ ಬೇಸರ ಅರ್ಥ ಆಗುತ್ತದೆ. ಆದರೆ ಇಲ್ಲಿ ತಪ್ಪು ಮಾರಿದವರದ್ದು. ವ್ಯಾಪಾರಕ್ಕೆ ಬಳಸುವ ತಕ್ಕಡಿಯ ಮಾದರಿಗೆ ಕೇಂದ್ರ ಸರ್ಕಾರದ ಒಪ್ಪಿಗೆ ಇರಬೇಕು, ಆ ಒಪ್ಪಿಗೆಯ ಸಂಖ್ಯೆ ಫಲಕದಲ್ಲಿ ಇರಬೇಕು. ತಯಾರಿಸುವವರಿಗೂ, ಮಾರುವವರಿಗೂ, ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಆನ್‌ಲೈನ್‌ನಲ್ಲಿ ಬರುವ ಅಗ್ಗದ ತಕ್ಕಡಿಗಳಲ್ಲಿ ಬಹಳಷ್ಟು ಅಡುಗೆಮನೆ ಬಳಕೆಗೆ ಮಾಡಿದವು. ಮನೆಯಲ್ಲಿ ಹಿಟ್ಟು ತೂಗಿಕೊಳ್ಳಲು ಯಾವ ಮುದ್ರೆಯೂ ಬೇಡ. ಅಂಗಡಿಯ ಕೌಂಟರ್ ಮೇಲೆ ಬಂದ ತಕ್ಷಣ ಬೇಕು. ಬಿಲ್ ಇದ್ದರೆ ವಾಪಸು ಕಳಿಸಿ, ಲೈಸೆನ್ಸ್ ಇರುವ ಡೀಲರ್ ಹತ್ತಿರ ಕೊಳ್ಳಿ.

‘ತೂಕ ಸರಿ ಬರುತ್ತದೆ’ ಅಂದಿರಲ್ಲ, ಅದರ ಬಗ್ಗೆ ಒಂದು ಸಂಗತಿ ಹೇಳಬೇಕು, ನಮಗೆ ತುಂಬ ಇಷ್ಟವಾದದ್ದು. ಎಲೆಕ್ಟ್ರಾನಿಕ್ ತಕ್ಕಡಿ ನಿಜವಾಗಿ ಅಳೆಯುವುದು ಭೂಮಿ ಆ ವಸ್ತುವನ್ನು ಎಷ್ಟು ಬಲವಾಗಿ ಎಳೆಯುತ್ತಿದೆ ಅನ್ನುವುದನ್ನು. ಆ ಎಳೆತ ಎಲ್ಲ ಕಡೆ ಒಂದೇ ಇರುವುದಿಲ್ಲ. ಸಮಭಾಜಕ ವೃತ್ತದ ಹತ್ತಿರ ಬಂದಷ್ಟೂ ಕಡಿಮೆ, ಎತ್ತರಕ್ಕೆ ಹೋದಷ್ಟೂ ಕಡಿಮೆ. ದೆಹಲಿಯಲ್ಲಿ ಸರಿಯಾಗಿ ಹೊಂದಿಸಿದ ತಕ್ಕಡಿಯನ್ನು ಹಾಗೇ ತಂದು ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಇಟ್ಟು 50 ಕೆಜಿ ತೂಗಿದರೆ 50 ಗ್ರಾಂ ಸುತ್ತಮುತ್ತ ಕಡಿಮೆ ತೋರಿಸುತ್ತದೆ. ತಕ್ಕಡಿ ಕೆಟ್ಟಿಲ್ಲ, ಜಾಗ ಬದಲಾಗಿದೆ. ಎರಡು ತಟ್ಟೆಯ ತಕ್ಕಡಿಯಲ್ಲಿ ಹೀಗಾಗುವುದಿಲ್ಲ, ಯಾಕೆಂದರೆ ಕಲ್ಲನ್ನೂ ಮಾಲನ್ನೂ ಭೂಮಿ ಅಲ್ಲಿ ಒಂದೇ ಥರ ಎಳೆಯುತ್ತದೆ. ಇನ್ಸ್‌ಪೆಕ್ಟರ್ ತಮ್ಮ ಪರೀಕ್ಷೆಯ ಕಲ್ಲುಗಳನ್ನು ತಂದು ಇಲ್ಲಿಯೇ ಇಟ್ಟು ನೋಡುವುದು ಬರೀ ಶಾಸ್ತ್ರಕ್ಕೆ ಅಲ್ಲ. ಆ ಕಲ್ಲುಗಳನ್ನೂ ರಾಜ್ಯದ ಮಾನಕ ಕಲ್ಲುಗಳ ಜೊತೆ ಹೋಲಿಸಿ ನೋಡುತ್ತಾರೆ, ರಾಜ್ಯದ್ದನ್ನು ಅದಕ್ಕಿಂತ ಮೇಲಿನದರ ಜೊತೆ, ಹೀಗೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿರುವ ಕಿಲೋಗ್ರಾಂ ತನಕ ಸರಪಳಿ ಹೋಗುತ್ತದೆ. ನಿಮ್ಮ ಅಂಗಡಿಯ ಸಕ್ಕರೆ, ಬೇಳೆಯ ತೂಕವೂ ಆ ಸರಪಳಿಗೆ ಸೇರಿದ್ದು.

ರಿಪೇರಿಗೆ ಸೀಲು ಒಡೆದರೆ ಮತ್ತೆ ಮುದ್ರೆ ಹಾಕಿಸದೆ ಬಳಸಬೇಡಿ. ಮತ್ತೆ ನಿಮ್ಮ ತಕ್ಕಡಿಯ ‘ಇ’ 5 ಗ್ರಾಂ ಆಗಿದ್ದರೆ 100 ಗ್ರಾಂಗಿಂತ ಕಡಿಮೆ ಏನನ್ನೂ ಅದರಲ್ಲಿ ತೂಗಬಾರದು. ಏಲಕ್ಕಿ, ಲವಂಗಕ್ಕೆ ಚಿಕ್ಕ ತಕ್ಕಡಿ ಬೇರೆ ಇಟ್ಟುಕೊಳ್ಳಿ.

ಪ್ರಶ್ನೆ: ವಿರಾಜಪೇಟೆಯಲ್ಲಿ ಸ್ವೀಟ್ ತಗೊಂಡರೆ ಡಬ್ಬ ಸೇರಿಸಿ ತೂಗುತ್ತಾರೆ. ಕೇಳಿದರೆ ‘ಡಬ್ಬ ಫ್ರೀ ಅಕ್ಕ’ ಅನ್ನುತ್ತಾರೆ. ಸರಿನಾ?

ಉತ್ತರ: ಸರಿ ಅಲ್ಲ. ಸ್ವೀಟ್ ದರದಲ್ಲಿ ರಟ್ಟು ಕೊಂಡ ಹಾಗಾಯಿತು, ಫ್ರೀ ಎಲ್ಲಿಂದ ಬಂತು? ತೂಕ ಅಂದರೆ ನಿವ್ವಳ ತೂಕ. ಖಾಲಿ ಡಬ್ಬ ಇಟ್ಟು, ಟೇರ್ ಬಟನ್ ಒತ್ತಿ, ಸೊನ್ನೆ ಬಂದ ಮೇಲೆ ತುಂಬಿ ಅಂತ ಹೇಳಿ. ಮೀನು, ಹಂದಿ ಮಾಂಸ ತರುವಾಗಲೂ ಅಷ್ಟೇ. ಪ್ಲಾಸ್ಟಿಕ್ ಟ್ರೇ ಅಥವಾ ನೀರು ನಿಂತ ತಟ್ಟೆ ತಕ್ಕಡಿ ಮೇಲೆ ಇದ್ದರೆ ಮೊದಲು ಸೊನ್ನೆ ತೋರಿಸಿ ಅನ್ನಿ. ತಕ್ಕಡಿಯ ಅಂಕಿ ಕೊಳ್ಳುವವರಿಗೆ ಕಾಣುವ ಹಾಗೆ ಇಡಬೇಕು, ಅದಕ್ಕೇ ಈಗಿನ ತಕ್ಕಡಿಗಳಲ್ಲಿ ಎರಡು ಕಡೆ ಡಿಸ್‌ಪ್ಲೇ ಇರುವುದು.

ಪ್ರಶ್ನೆ: ಮಡಿಕೇರಿಯಲ್ಲಿ ನಮ್ಮ ಹೋಮ್‌ಸ್ಟೇ ಇದೆ. ಬಂದವರಿಗೆ ಜೇನು, ಕಾಚಂಪುಳಿ (ಕೊಡಗಿನ ಅಡುಗೆಯ ಹುಳಿ ರಸ) ಮಾರುತ್ತೇನೆ. ಹಳೆಯ 750 ಮಿಲಿ ಬಾಟಲಿಗೆ ಜೇನು ತುಂಬಿ ‘ಒಂದು ಬಾಟಲಿ’ ಅಂತ ಕೊಡುತ್ತೇನೆ. ಅತಿಥಿಯೊಬ್ಬರು ‘ಕಾಲು ಲೀಟರ್ ಕಡಿಮೆ ಇದೆ’ ಅಂತ ಜಗಳ ಮಾಡಿದರು.

ಉತ್ತರ: ಜೇನು ನೀರಿಗಿಂತ ಭಾರ, ಒಂದು ಲೀಟರ್ ಅಂದರೆ ಹತ್ತಿರ ಹತ್ತಿರ 1.4 ಕೆಜಿ. ನಿಮ್ಮ 750 ಮಿಲಿ ಬಾಟಲಿಯಲ್ಲಿ ಒಂದು ಕೆಜಿಯಷ್ಟು ಜೇನೇ ಇದೆ, ನೀವು ಮೋಸ ಮಾಡಿಲ್ಲ. ಆದರೆ ಅದನ್ನು ಬರೆಯದೆ ಇದ್ದದ್ದು ತಪ್ಪು. ‘ಬಾಟಲಿ’ ಅನ್ನುವುದು ಅಳತೆಯೇ ಅಲ್ಲ. ಜೇನನ್ನು ತೂಕದಲ್ಲಿ ಹೇಳಬೇಕು. ಮೊದಲೇ ತುಂಬಿ ಮುಚ್ಚಿ ಮಾರುವ ಯಾವ ಪೊಟ್ಟಣದ ಮೇಲೂ ಒಳಗೆ ಏನಿದೆ, ನಿವ್ವಳ ಎಷ್ಟು, ತುಂಬಿದವರ ಹೆಸರು ವಿಳಾಸ, ತಿಂಗಳು ವರ್ಷ, ತೆರಿಗೆ ಎಲ್ಲ ಸೇರಿ ಗರಿಷ್ಠ ಬೆಲೆ, ದೂರಿಗೆ ಫೋನ್ ನಂಬರ್ ಇರಬೇಕು ಅಂತ 2011ರ ಪೊಟ್ಟಣ ಸಾಮಗ್ರಿ ನಿಯಮ ಹೇಳುತ್ತದೆ. ಮನೆಯಲ್ಲಿ ಮಾಡಿದ್ದು ಅಂತ ವಿನಾಯಿತಿ ಇಲ್ಲ. ಆಹಾರ ಸುರಕ್ಷತೆಯ ನೋಂದಣಿ ಬೇರೆ ಮಾಡಿಸಬೇಕು. ಒಂದು ಚೀಟಿ ಅಚ್ಚು ಹಾಕಿಸಿ ಅಂಟಿಸಿದರೆ ಮುಂದಿನ ಅತಿಥಿ ಜಗಳ ಮಾಡುವುದಿಲ್ಲ. ಕೊಡಗಿನ ಜೇನಿನ ಹೆಸರಲ್ಲಿ ಏನೇನೋ ಮಾರಾಟ ಆಗುತ್ತಿರುವಾಗ ಒಳ್ಳೆ ಜೇನು ಮಾರುವವರಿಗೆ ಈ ಚೀಟಿಯಿಂದ ಲಾಭವೇ.

ಪ್ರಶ್ನೆ: ನಾಪೋಕ್ಲುವಿನಲ್ಲಿ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಸೇರು, ಪಾವು ಇವೆ. ಈಗಲೂ ಭತ್ತ ಅದರಲ್ಲೇ ಅಳೆಯುತ್ತೇವೆ. ಇದು ಕಾನೂನಿಗೆ ವಿರುದ್ಧವಾ?

ಉತ್ತರ: ಮನೆಯೊಳಗೆ ಅಳೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ, ಜೋಪಾನವಾಗಿ ಇಟ್ಟುಕೊಳ್ಳಿ. ಮಾರುವಾಗ ಮಾತ್ರ ಕೆಜಿ, ಕ್ವಿಂಟಾಲ್ ಲೆಕ್ಕವೇ ಆಗಬೇಕು, ದರ ಹೇಳುವುದೂ ಅದರಲ್ಲೇ. ದೇಶಕ್ಕೆಲ್ಲ ಒಂದೇ ಮೆಟ್ರಿಕ್ ಅಳತೆ ಅಂತ ಕಾನೂನು ಆದದ್ದು 1956ರಲ್ಲಿ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ. ಅದಕ್ಕೂ ಮೊದಲು ಸೇರು ಊರಿಂದೂರಿಗೆ ಬೇರೆ ಇತ್ತು, ಭತ್ತ ಬೆಳೆದವರಿಗೆ ಅದರಿಂದ ನಷ್ಟವೇ ಜಾಸ್ತಿ ಆಗುತ್ತಿತ್ತು.

ಪ್ರಶ್ನೆ: ಗೋಣಿಕೊಪ್ಪಲಿನಿಂದ ಬರೆಯುತ್ತಿದ್ದೇನೆ. ಪೆಟ್ರೋಲ್ ಬಂಕಿನಲ್ಲಿ ಅಳತೆ ಕಡಿಮೆ ಅನ್ನುವ ಅನುಮಾನ ಇದೆ. ನಾವೇ ಪರೀಕ್ಷೆ ಮಾಡಬಹುದಾ? ಮತ್ತೆ ಇಂಥದ್ದಕ್ಕೆಲ್ಲ ದೂರು ಎಲ್ಲಿ ಕೊಡಬೇಕು?

ಉತ್ತರ: ಮಾಡಬಹುದು. ಪ್ರತಿ ಬಂಕಿನಲ್ಲೂ ಮುದ್ರೆ ಹಾಕಿದ 5 ಲೀಟರ್ ಅಳತೆ ಪಾತ್ರೆ ಇರುತ್ತದೆ. ‘ಐದು ಲೀಟರ್ ಹಾಕಿ ತೋರಿಸಿ’ ಅಂತ ಕೇಳುವ ಹಕ್ಕು ನಿಮಗಿದೆ. 25 ಮಿಲಿ ತನಕ ಆಚೆ ಈಚೆ ಆದರೆ ಒಪ್ಪಬೇಕು, ಅದಕ್ಕಿಂತ ಕಡಿಮೆ ಬಂದರೆ ಒಪ್ಪಬೇಕಾಗಿಲ್ಲ. ಪಂಪಿಗೂ 12 ತಿಂಗಳಿಗೊಮ್ಮೆ ಮುದ್ರೆ. ಆದರೆ ನಿಮ್ಮ ಕ್ಯಾನಿನ ಮೇಲಿನ ಗೆರೆ ನಂಬಿ ಜಗಳ ಮಾಡಬೇಡಿ, ಆ ಗೆರೆಯನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ.

ದೂರಿಗೆ ಮೊದಲ ಜಾಗ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಇಲಾಖೆ ಕಚೇರಿ. ಹಿರಿಯರು ಅದನ್ನು ಈಗಲೂ ತೂಕ ಅಳತೆ ಇಲಾಖೆ ಅನ್ನುತ್ತಾರೆ, ಹಾಗೆ ಕೇಳಿದರೂ ದಾರಿ ತೋರಿಸುತ್ತಾರೆ. ಹೋಗಲು ಆಗದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ದೂರಿನಲ್ಲಿ ಸಿಟ್ಟು ಬರೆಯುವುದಕ್ಕಿಂತ ತಾರೀಖು, ಹೊತ್ತು, ಜಾಗ, ಏನು ಕೊಂಡಿರಿ ಅಥವಾ ಮಾರಿದಿರಿ, ತಕ್ಕಡಿ ಎಷ್ಟು ತೋರಿಸಿತು, ಬೇರೆ ಮುದ್ರೆ ಇರುವ ತಕ್ಕಡಿಯಲ್ಲಿ ಎಷ್ಟು ಬಂತು ಅಂತ ಬರೆಯಿರಿ. ಬಿಲ್ಲಿನ ಜೆರಾಕ್ಸ್ ಇಡಿ, ತಕ್ಕಡಿಯ ಡಿಸ್‌ಪ್ಲೇ ಮತ್ತು ಫಲಕದ ಫೋಟೋ ಇಡಿ. ಸಂತೆಯ ದೂರಾದರೆ ಸಂತೆಯ ದಿನವನ್ನು ಬರೆಯಲು ಮರೆಯಬೇಡಿ, ಬೇರೆ ದಿನ ಇನ್ಸ್‌ಪೆಕ್ಟರ್ ಬಂದರೆ ಅಲ್ಲಿ ಬರೀ ಖಾಲಿ ಕಟ್ಟೆ ಇರುತ್ತದೆ. ದೂರು ತೆಗೆದುಕೊಂಡದ್ದಕ್ಕೆ ಸ್ವೀಕೃತಿ ಕೇಳಿ, ಅದರ ನಂಬರ್ ಬರೆದಿಟ್ಟುಕೊಳ್ಳಿ.